ಕುರುವದ ನೀರು, ತಿಮ್ಮಪ್ಪನ ಕಲ್ಲು

ನಮ್ಮ ಸಂಘದ ಮಾಸಿಕ ಕೂಟವೊಂದರಲ್ಲಿ ನಡೆದ ಸಣ್ಣ ಪ್ರಸಂಗದಿಂದ ಈ ಲೇಖನ ಹುಟ್ಟಿತು. ಅಮೆರಿಕದಲ್ಲಿ ಉದ್ಯೋಗದಲ್ಲಿರುವ, ನಮ್ಮವರೇ ಒಬ್ಬರ ಮಗ ಊರಿಗೆ ಬಂದಿದ್ದ. ಮೆಕ್ಸಿಕೋ ದೇಶದ ಕೊಜುಮೆಲ್ ದ್ವೀಪಕ್ಕೆ ತಾನು ಹೋಗಿಬಂದ ಚಿತ್ರಗಳನ್ನು ಅವನು ಅಂದು ಎಲ್ಲರಿಗೂ ತೋರಿಸಿದ. ಕಾಡಿನ ನಡುವೆ ಬಿದ್ದಿರುವ ಸಾನ್ ಗೆರ್ವಾಸಿಯೋ ಎಂಬ ಮಾಯಾ ಜನರ ಹಳೆಯ ಊರು, ಅಲ್ಲಿನ ಕಲ್ಲಿನ ಕಟ್ಟೆಗಳು, ಕಮಾನುಗಳು. ಅಲ್ಲಿ ಇಶ್ಚೆಲ್ ಎಂಬ ದೇವಿಯ ಆರಾಧನೆ ನಡೆಯುತ್ತಿತ್ತಂತೆ. ಬಸಿರು ಬಾಣಂತನಗಳನ್ನು ಕಾಯುವ ಆ ದೇವಿಯನ್ನು ಕಾಣಲು ಹೆಂಗಸರು ದೂರದಿಂದ ನಡೆದು ಬಂದು, ದೋಣಿಯಲ್ಲಿ ಕಡಲು ದಾಟಿ ದ್ವೀಪವನ್ನು ಸೇರುತ್ತಿದ್ದರಂತೆ. ಎಲ್ಲರೂ ಬೆರಗಿನಿಂದ ನೋಡಿದೆವು. ಚಿತ್ರಗಳು ಮುಗಿದಾಗ ಮುಂದಿನ ಸಾಲಿನಲ್ಲಿ ಕುಳಿತಿದ್ದ ಏಳನೆಯ ತರಗತಿಯ ಹುಡುಗಿಯೊಬ್ಬಳು ಕೇಳಿದಳು: “ನಮ್ಮ ಕಡೆ ಇಂಥದ್ದು ಯಾವುದೂ ಇಲ್ಲೇನು?”

ಹಿರಿಯರಾದ ನಾವು ಮುಖ ಮುಖ ನೋಡಿಕೊಂಡೆವು. ಒಬ್ಬರು ಹಂಪೆ ಎಂದರು, ಮತ್ತೊಬ್ಬರು ಬಾದಾಮಿ ಎಂದರು. ಅವಳು ಕೇಳಿದ್ದು ‘ನಮ್ಮ ಕಡೆ’ ಎಂದು. ನಾರಾಯಣಪೇಟೆ, ಮಕ್ತಲ್, ಗದ್ವಾಲಗಳ ಈ ನೆಲವನ್ನು ಅವಳು ಕೇಳುತ್ತಿದ್ದಳು. ಕೊನೆಗೆ ಹಿಂದಿನ ಸಾಲಿನಿಂದ ವಯಸ್ಸಾದ ಅಜ್ಜಿಯೊಬ್ಬರು, “ಕುರುವಗಡ್ಡಿ ಐತಲ್ಲ. ಮುಡುಮಾಲ ಕಲ್ಲು ಅದಾವಲ್ಲ. ಹೋಗಿ ನೋಡ್ರಿ” ಎಂದರು. ನಮ್ಮಲ್ಲಿ ಹಲವರು ಅಷ್ಟು ವರ್ಷ ಇಲ್ಲೇ ಬಾಳಿದ್ದರೂ ಎರಡನ್ನೂ ಒಟ್ಟಾಗಿ ನೋಡಿದವರು ಒಬ್ಬರೂ ಇರಲಿಲ್ಲ. ಹೀಗೆ ಡಿಸೆಂಬರ್ ತಿಂಗಳ ಮೂರು ದಿನಗಳ ಯಾತ್ರೆಯೊಂದು ನಿಶ್ಚಯವಾಯಿತು. ಇತಿಹಾಸಕಾರರ ಪಾಂಡಿತ್ಯ ನಮಗಿಲ್ಲ. ಕಂಡದ್ದನ್ನು, ಓದಿ ತಿಳಿದದ್ದನ್ನು, ಆ ಮೂರು ದಿನಗಳಲ್ಲಿ ನಮ್ಮ ಮನಸ್ಸಿನಲ್ಲಿ ಗಟ್ಟಿಯಾದ ಒಂದು ಮಾತನ್ನು ಸದಸ್ಯ ಬಂಧುಗಳ ಮುಂದಿಡುವುದಷ್ಟೇ ಇಲ್ಲಿನ ಉದ್ದೇಶ.

ನಿಂತ ಕಲ್ಲುಗಳು

ಮೊದಲ ದಿನ ನಾರಾಯಣಪೇಟೆಯಿಂದ ಹೊರಟು ಕೃಷ್ಣಾ ರೈಲು ನಿಲ್ದಾಣದ ಕಡೆಗೆ ಇಳಿದೆವು. ಮುಂಬಯಿ ಮತ್ತು ಮದರಾಸುಗಳ ನಡುವಿನ ರೈಲುಹಾದಿ ರಾಯಚೂರಿನಲ್ಲಿ ಕೂಡಿಕೊಂಡದ್ದು 1871ರಲ್ಲಿ. ನದಿಯ ಹೆಸರನ್ನೇ ಹೊತ್ತ ಈ ನಿಲ್ದಾಣ ಆ ಹಾದಿಯಲ್ಲಿದೆ. ಇದರ ಸಮೀಪದ ತಂಗಡಿ ಎಂಬ ಊರಿನ ಬಳಿ ಭೀಮಾ ನದಿ ಬಂದು ಕೃಷ್ಣೆಯನ್ನು ಸೇರುತ್ತದೆ. ಕೃಷ್ಣೆ ತೆಲಂಗಾಣವನ್ನು ಪ್ರವೇಶಿಸುವುದೂ ಇಲ್ಲಿಯೇ. ಪಂಢರಪುರವನ್ನೂ ಗಾಣಗಾಪುರವನ್ನೂ ಮುಟ್ಟಿಬಂದ ನೀರು ಒಂದು ಕಡೆಯಿಂದ, ಮಹಾಬಳೇಶ್ವರದಲ್ಲಿ ಹುಟ್ಟಿ ಕೂಡಲಸಂಗಮವನ್ನು ದಾಟಿ ಬಂದ ನೀರು ಇನ್ನೊಂದು ಕಡೆಯಿಂದ. ಸಂಗಮದ ದಡದಲ್ಲಿ ನಿಂತಾಗ ಆಚೆ ರಾಯಚೂರು ಸೀಮೆಯ ಹೊಲಗಳು ಕಾಣುತ್ತವೆ.

ಸಂಗಮದಿಂದ ನದಿಯ ಗುಂಟ ಕೆಳಗೆ ಬಂದರೆ ಕೃಷ್ಣಾ ಮಂಡಲದ ಮುಡುಮಾಲ್ ಸಿಗುತ್ತದೆ. ಊರಿನ ಹೊರಗೆ, ಹೊಲಗಳ ನಡುವೆ, ಆಳೆತ್ತರಕ್ಕೂ ಮೀರಿದ ಕಲ್ಲುಗಳು ನೆಟ್ಟಗೆ ನಿಂತಿವೆ. ಸುಮಾರು ಎಂಬತ್ತು ದೊಡ್ಡ ಕಲ್ಲುಗಳಿವೆ ಎಂದು ಲೆಕ್ಕ. ಒಂದೊಂದೂ ಹತ್ತರಿಂದ ಹದಿನಾಲ್ಕು ಅಡಿ ಎತ್ತರ. ಅವುಗಳ ಸುತ್ತ, ಸಾಲು ಸಾಲಾಗಿ ಜೋಡಿಸಿದ ಸಣ್ಣ ಗುಂಡುಗಳು ಮೂರು ಸಾವಿರದಷ್ಟು. ಯಾವುದರ ಮೇಲೂ ಉಳಿಯ ಕೆತ್ತನೆಯ ಅಲಂಕಾರವಿಲ್ಲ, ಶಿಲ್ಪವಿಲ್ಲ. ಎತ್ತಿ ನಿಲ್ಲಿಸಿದ ಕಲ್ಲು, ಅಷ್ಟೆ. ಆದರೆ ಮೊದಲ ಬಾರಿ ಕಂಡಾಗ ನಮ್ಮ ಗುಂಪಿನ ಮಕ್ಕಳು ಸಹ ಮಾತು ನಿಲ್ಲಿಸಿದರು.

ಇವು ಬೃಹತ್ ಶಿಲಾ ಸಂಸ್ಕೃತಿಯ ಕಾಲದವು. ಇಂದಿಗೆ 3,500ರಿಂದ 4,000 ವರ್ಷಗಳ ಹಿಂದಿನವೆಂದು ವಿದ್ವಾಂಸರು ಅಂದಾಜು ಮಾಡಿದ್ದಾರೆ. ಹೈದರಾಬಾದ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕರಾಗಿದ್ದ ಕೆ. ಪಿ. ರಾವ್ ಅವರು ಈ ನೆಲೆಯನ್ನು ಬಹುಕಾಲ ಅಧ್ಯಯನ ಮಾಡಿ ಎರಡು ಸಂಗತಿಗಳನ್ನು ಹೊರತಂದರು. ಮೊದಲನೆಯದು, ಕಲ್ಲಿನ ಕೆಲವು ಸಾಲುಗಳು ಅಯನದ ದಿನಗಳಲ್ಲಿ, ಎಂದರೆ ಜೂನ್ ಮತ್ತು ಡಿಸೆಂಬರ್ ತಿಂಗಳ ಕೊನೆಯ ವಾರಗಳಲ್ಲಿ, ಸೂರ್ಯ ಹುಟ್ಟುವ ಮತ್ತು ಮುಳುಗುವ ದಿಕ್ಕಿಗೆ ಹೊಂದಿಕೊಳ್ಳುತ್ತವೆ. ಎರಡನೆಯದು, ಒಂದು ಕಲ್ಲಿನ ಮೇಲೆ ಕೊರೆದಿರುವ ಸಣ್ಣ ಬಟ್ಟಲಿನಂಥ ಗುಳಿಗಳು ಸಪ್ತರ್ಷಿ ಮಂಡಲದ ಆಕಾರವನ್ನು ತೋರಿಸುತ್ತವೆ. ಉಳುವವನಿಗೆ ಮಳೆಯ ಕಾಲ ಬೇಕು. ನಡೆಯುವವನಿಗೆ ಉತ್ತರ ದಿಕ್ಕು ಬೇಕು. ಪಂಚಾಂಗವೂ ದಿಕ್ಸೂಚಿಯೂ ಇಲ್ಲದ ಕಾಲದಲ್ಲಿ ಈ ಜನ ಎರಡನ್ನೂ ಕಲ್ಲಿನಲ್ಲಿ ಇರಿಸಿಕೊಂಡಿದ್ದರು.

ನಾವು ಬೇಕೆಂದೇ ಡಿಸೆಂಬರ್ 21ರ ಸಂಜೆ ಅಲ್ಲಿಗೆ ತಲುಪುವಂತೆ ಹೊರಟಿದ್ದೆವು. ಹೊತ್ತು ಇಳಿದಂತೆ ನಿಂತ ಕಲ್ಲುಗಳ ನೆರಳುಗಳು ಹೊಲದ ಮೇಲೆ ಉದ್ದಕ್ಕೆ ಚಾಚಿಕೊಂಡವು. ಸಣ್ಣ ಗುಂಡುಗಳ ಸಾಲೊಂದರ ತುದಿಯಲ್ಲಿ ನಿಂತು ಮಕ್ಕಳು ಮುಳುಗುವ ಸೂರ್ಯನನ್ನು ನೋಡಿದರು. ಸಪ್ತರ್ಷಿ ಮಂಡಲವನ್ನು ಆ ಗುಳಿಗಳ ಜೊತೆ ಹೋಲಿಸಿ ನೋಡಬೇಕೆಂಬ ಅವರ ಆಸೆ ಮಾತ್ರ ಕೈಗೂಡಲಿಲ್ಲ. ಆ ತಿಂಗಳಲ್ಲಿ ಅದು ಮೇಲೆ ಬರುವಾಗ ನಡುರಾತ್ರಿಯ ಹೊತ್ತಾಗುತ್ತದೆ. ಕೊಜುಮೆಲ್‌ನ ಚಿತ್ರ ತೋರಿಸಿದ ಹುಡುಗನೂ ನಮ್ಮ ಜೊತೆಗಿದ್ದ. ಯುಕಟಾನಿನ ಚಿಚೆನ್ ಇಟ್ಜಾ ಎಂಬಲ್ಲಿ ಮಾಯಾ ಜನರ ಮೆಟ್ಟಿಲುಗೋಪುರವೊಂದಿದೆಯೆಂದೂ, ಹಗಲು ರಾತ್ರಿ ಸಮನಾಗುವ ದಿನ ಅದರ ಮೆಟ್ಟಿಲ ಅಂಚಿನಲ್ಲಿ ಹಾವು ಇಳಿಯುವಂತೆ ನೆರಳು ಬೀಳುತ್ತದೆಯೆಂದೂ, ಅದನ್ನು ನೋಡಲು ಲೋಕದ ಜನವೆಲ್ಲ ಸೇರುತ್ತಾರೆಂದೂ ಅವನು ಹೇಳಿದ. ಮುಡುಮಾಲಿನ ಕಲ್ಲುಗಳು ಆ ಗೋಪುರಕ್ಕಿಂತ ಎರಡು ಸಾವಿರ ವರ್ಷಕ್ಕೂ ಹೆಚ್ಚು ಹಳೆಯವು. ಆ ಸಂಜೆ ಅವುಗಳ ಬಳಿ ಇದ್ದವರು ನಾವು, ಒಬ್ಬ ರೈತ ಮತ್ತು ಅವನ ಎರಡು ಎತ್ತುಗಳು.

ಆ ರೈತನ ಮಾತು ನಮ್ಮ ಯಾತ್ರೆಯ ಕೀಲಿಕೈಯಾಯಿತು. ಈ ಕಲ್ಲುಗಳಿಗೆ ಊರಿನವರು ‘ನಿಲುರಾಳ್ಳ ತಿಮ್ಮಪ್ಪ’ ಎನ್ನುತ್ತಾರೆ. ಎಂದರೆ ನಿಂತ ಕಲ್ಲುಗಳ ತಿಮ್ಮಪ್ಪ. ಅವುಗಳಲ್ಲಿ ಒಂದು ಕಲ್ಲನ್ನು ಎಲ್ಲಮ್ಮ ಎಂದು ಪೂಜಿಸುತ್ತಾರೆ. ಉಳುಮೆಗೆ ಅಡ್ಡ ಬಂದ ಎಷ್ಟೋ ಗುಂಡುಗಳು ಬದುವಿಗೂ ಗೋಡೆಗೂ ಸರಿದುಹೋಗಿರಬೇಕಲ್ಲ, ಇವು ಹೇಗೆ ಉಳಿದವು ಎಂದು ನಾವು ಕೇಳಿದೆವು. “ತಿಮ್ಮಪ್ಪನ ಮೈಗೆ ಕೈ ಹಚ್ಚಬಾರದು ಅಂತ ನಮ್ಮಪ್ಪ ಹೇಳ್ತಿದ್ದ್ರಿ” ಎಂದ ಅವನು. ತಿಮ್ಮಪ್ಪ ಎಂಬ ಹೆಸರು ತಿರುಪತಿಯ ವೆಂಕಟೇಶನಿಗೆ ಕನ್ನಡಿಗರು ಅಕ್ಕರೆಯಿಂದ ಇಟ್ಟದ್ದು. ಗದ್ವಾಲ ಸೀಮೆಯ ಮಲ್ದಕಲ್ಲಿನ ಸ್ವಾಮಿಯನ್ನೂ ಜನ ತಿಮ್ಮಪ್ಪನೆಂದೇ ಕರೆಯುತ್ತಾರೆ. ಎಲ್ಲಮ್ಮನೆಂದರೆ ಸವದತ್ತಿಯಿಂದ ತೆಲಂಗಾಣದ ಹಳ್ಳಿಹಳ್ಳಿಯವರೆಗೆ ಎಲ್ಲರ ತಾಯಿ. ನಾಲ್ಕು ಸಾವಿರ ವರ್ಷಗಳ ಹಿಂದೆ ಈ ಕಲ್ಲುಗಳನ್ನು ನಿಲ್ಲಿಸಿದವರು ಅವುಗಳನ್ನು ಏನೆಂದು ಕರೆದರೋ, ಆ ಮಾತು ಅಳಿದಿದೆ. ಅವರ ನಂತರ ಬಂದವರು ತಮಗೆ ಬೇಕಾದ ಹೆಸರಿಟ್ಟು, ಅರಿಶಿನ ಕುಂಕುಮ ಹಚ್ಚಿ, ಮಕ್ಕಳಿಗೆ ಹೇಳಿಕೊಟ್ಟು ಕಾಪಾಡಿದರು. ಶಾಸನವಿಲ್ಲದ, ಕಾವಲುಗಾರನಿಲ್ಲದ ಈ ನೆಲೆಯನ್ನು ಇಲ್ಲಿಯವರೆಗೆ ಕಾದದ್ದು ಬಾಯಿಂದ ಬಾಯಿಗೆ ಬಂದ ಆ ಹೆಸರು.

ಇಂಥ ಕಲ್ಲುಸಾಲುಗಳು ಮುಡುಮಾಲಿನಲ್ಲಿ ಮಾತ್ರ ಇರುವುದಲ್ಲ. 1841ರಲ್ಲಿ ಸುರಪುರ ಸಂಸ್ಥಾನಕ್ಕೆ ಬಂದ ಮೆಡೋಸ್ ಟೇಲರ್ ಆ ಸೀಮೆಯ ಬೃಹತ್ ಶಿಲಾ ಗೋರಿಗಳನ್ನೂ ಕಲ್ಲುಸಾಲುಗಳನ್ನೂ ಕುರಿತು ಮೊದಲು ಬರೆದವನು. ಶಹಾಪುರದ ಬಳಿಯ ವಿಭೂತಿಹಳ್ಳಿ, ಕೃಷ್ಣೆಯ ದಡದ ಹಣಮಸಾಗರ ಇವೆಲ್ಲ ಅದೇ ಪರಂಪರೆಯ ನೆಲೆಗಳು. ಎಫ್. ಆರ್. ಆಲ್ಚಿನ್ ಎಂಬ ಪುರಾತತ್ವಜ್ಞರು ದಕ್ಷಿಣ ಹೈದರಾಬಾದಿನ ಕಲ್ಲುಸಾಲುಗಳನ್ನು ಕುರಿತ ತಮ್ಮ ಪ್ರಬಂಧವನ್ನು ಪ್ರಕಟಿಸಿದ್ದು 1956ರಲ್ಲಿ. ಹೈದರಾಬಾದ್ ರಾಜ್ಯವೆಂಬುದು ಇಲ್ಲವಾಗಿ, ಅವರು ಒಂದೇ ಹೆಸರಿನಡಿ ಸೇರಿಸಿದ್ದ ನೆಲ ಎರಡು ರಾಜ್ಯಗಳಿಗೆ ಹಂಚಿಹೋದದ್ದು ಅದೇ ವರ್ಷ. ಕೊಪ್ಪಳ ಜಿಲ್ಲೆಯ ಹಿರೇಬೆಣಕಲ್ಲಿನ ಕಲ್ಲುಮನೆಗಳು 2021ರಲ್ಲಿ ಯುನೆಸ್ಕೋದ ತಾತ್ಕಾಲಿಕ ಪಟ್ಟಿಗೆ ಸೇರಿದವು. ಮುಡುಮಾಲಿನ ನಿಂತ ಕಲ್ಲುಗಳು 2025ರ ಮಾರ್ಚ್‌ನಲ್ಲಿ ಅದೇ ಪಟ್ಟಿಯನ್ನು ಸೇರಿದವು. ಗೌರವ ಬಂದಿದೆ, ಸಂತೋಷ. ಆದರೆ ಪಟ್ಟಿಗೆ ಸೇರುವ ತನಕ ಅವು ನಿಂತಿರುವಂತೆ ನೋಡಿಕೊಂಡವನು ಎತ್ತುಗಳನ್ನು ಹೊಡೆದುಕೊಂಡು ಹೋದ ಆ ರೈತನ ಅಪ್ಪ.

ನಡುನೀರಿನ ಊರು

ಆ ರಾತ್ರಿ ಮಕ್ತಲ್‌ನಲ್ಲಿ ತಂಗಿದೆವು. ಬೆಳಗ್ಗೆ ಎದ್ದು ಪಶ್ಚಿಮಕ್ಕೆ ಮುಖ ಮಾಡಿ ನಿಂತಿರುವ ಪಡಮಟಿ ಆಂಜನೇಯನ ದರ್ಶನ ಪಡೆದು, ಪಂಚದೇವಪಹಾಡದ ಹಾದಿ ಹಿಡಿದೆವು. ದಾರಿ ಕೃಷ್ಣೆಯ ದಡದಲ್ಲಿ ಮುಗಿಯುತ್ತದೆ. ಎದುರಿಗೆ ನೀರು, ನೀರಿನ ಆಚೆ ಬಂಡೆ, ಹಸಿರು, ಗುಡಿ. ಅದೇ ಕುರುವಪುರ, ಜನರ ಬಾಯಲ್ಲಿ ಕುರುವಗಡ್ಡೆ. ನಮಗೆ ಹತ್ತಿರದ ಪೇಟೆ ತೆಲಂಗಾಣದ ಮಕ್ತಲ್. ನಡುಗಡ್ಡೆ ಮಾತ್ರ ಕರ್ನಾಟಕದ ರಾಯಚೂರು ತಾಲೂಕಿಗೆ ಸೇರಿದ್ದು. ಆ ಕಡೆಯವರು ಆತ್ಕೂರಿನ ದಡದಿಂದ ಬರುತ್ತಾರೆ, ಈ ಕಡೆಯವರು ನಮ್ಮಂತೆ ಮಕ್ತಲ್‌ನಿಂದ ಬರುತ್ತಾರೆ.

ಹಿಂದೆ ಇಲ್ಲಿ ಹರಿಗೋಲೇ ಗತಿ. ಬಿದಿರ ಬುಟ್ಟಿಯ ಹೊರಮೈಗೆ ಚರ್ಮ ಹೊದಿಸಿದ ಈ ದುಂಡು ದೋಣಿಗೆ ತೆಲುಗಿನಲ್ಲಿ ಪುಟ್ಟಿ ಎನ್ನುತ್ತಾರೆ. 1520ರ ಸುಮಾರಿಗೆ ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್ ತುಂಗಭದ್ರೆಯ ಮೇಲೆ ಇಂಥ ಬುಟ್ಟಿದೋಣಿಗಳನ್ನು ಕಂಡು, ಅವು ಹದಿನೈದು ಇಪ್ಪತ್ತು ಜನರನ್ನು ಹೊರುತ್ತವೆ, ಕುದುರೆ ಎತ್ತುಗಳನ್ನೂ ದಾಟಿಸುತ್ತವೆ ಎಂದು ಬೆರಗಾಗಿ ಬರೆದಿದ್ದಾನೆ. ಇಂದು ಯಾತ್ರಿಕರಿಗೆ ಯಂತ್ರದ ದೋಣಿಗಳೂ ಇವೆ. ಮೇಲಿನ ನಾರಾಯಣಪುರದ ಬಸವಸಾಗರದಿಂದ ಮಳೆಗಾಲದಲ್ಲಿ ನೀರು ಬಿಟ್ಟರೆ ದೋಣಿ ನಿಲ್ಲುತ್ತದೆ. ಆಗ ಗಡ್ಡೆಯವರು ಗಡ್ಡೆಯಲ್ಲೇ. 2009ರ ಅಕ್ಟೋಬರ್‌ನ ಮಹಾಪೂರವನ್ನು ಕೃಷ್ಣಾ ತುಂಗಭದ್ರೆಗಳ ದಡದವರು ಯಾರೂ ಮರೆತಿಲ್ಲ. ನಮ್ಮ ದೋಣಿಯ ಅಣ್ಣ ಮುಂದೆ ಕುಳಿತಿದ್ದ ಪುಣೆಯ ಯಾತ್ರಿಕರೊಡನೆ ಮರಾಠಿಯಲ್ಲಿ, ಗದ್ವಾಲದ ದಂಪತಿಗಳೊಡನೆ ತೆಲುಗಿನಲ್ಲಿ, ನಮ್ಮೊಡನೆ ಕನ್ನಡದಲ್ಲಿ ಮಾತಾಡುತ್ತ ಹುಟ್ಟು ಹಾಕಿದ. ಯಾವುದನ್ನು ಎಲ್ಲಿ ಕಲಿತೆ ಎಂದು ಕೇಳಿದರೆ, ಅದೇನು ಕಲಿಯುವ ವಿದ್ಯೆಯೇ ಎನ್ನುವಂತೆ ನಕ್ಕ.

ಕುರುವಪುರ ಶ್ರೀಪಾದ ಶ್ರೀವಲ್ಲಭರ ತಪೋಭೂಮಿಯೆಂದು ದತ್ತ ಸಂಪ್ರದಾಯದವರಿಗೆ ಪೂಜ್ಯ. ಪೀಠಾಪುರದಲ್ಲಿ ಹುಟ್ಟಿದ ಅವರು ಈ ನಡುಗಡ್ಡೆಗೆ ಬಂದು ನೆಲೆಸಿದರೆಂಬುದು ಪರಂಪರೆಯ ನಂಬಿಕೆ. ಸರಸ್ವತೀ ಗಂಗಾಧರರು ಮರಾಠಿಯಲ್ಲಿ ರಚಿಸಿದ ಗುರುಚರಿತ್ರೆಯಲ್ಲಿ ಈ ಊರಿನ ಅಗಸನೊಬ್ಬನ ಕಥೆ ಬರುತ್ತದೆ. ಹೊಳೆಯಲ್ಲಿ ಬಟ್ಟೆ ಒಗೆಯುತ್ತಿದ್ದ ಅವನು ರಾಜವೈಭವವನ್ನು ಕಂಡು ಮನದಲ್ಲಿ ಆಸೆಪಟ್ಟ. ಗುರುಗಳ ಅನುಗ್ರಹದಿಂದ ಮುಂದಿನ ಜನ್ಮದಲ್ಲಿ ಬೀದರಿನ ಸುಲ್ತಾನನಾಗಿ ಹುಟ್ಟಿ, ಗಾಣಗಾಪುರದಲ್ಲಿ ನೃಸಿಂಹ ಸರಸ್ವತಿಯವರನ್ನು ಕಂಡು ಹಳೆಯ ನೆನಪು ಪಡೆದ. ಕಥೆಯ ಧಾರ್ಮಿಕ ಅರ್ಥವನ್ನು ಬಲ್ಲವರು ಹೇಳಲಿ. ನಮಗೆ ಹೊಳೆದದ್ದು ಅದರ ಭೂಗೋಳ. ಆಂಧ್ರದ ಕಡಲತೀರದ ಪೀಠಾಪುರ, ಕೃಷ್ಣೆಯ ಕುರುವ, ಬಹಮನಿಗಳ ಬೀದರ್, ಭೀಮೆಯ ಗಾಣಗಾಪುರ ಇವೆಲ್ಲ ಒಂದೇ ಕಥೆಯೊಳಗೆ, ಒಂದೇ ಮನೆಯ ಕೋಣೆಗಳಂತೆ ಕೂಡಿವೆ. ಗಾಣಗಾಪುರವನ್ನು ಮುಟ್ಟಿದ ನೀರೇ ಹಿಂದಿನ ದಿನ ನಾವು ಕಂಡ ಸಂಗಮದಲ್ಲಿ ಕೃಷ್ಣೆಗೆ ಬಿದ್ದು, ಈ ಗಡ್ಡೆಯನ್ನು ಸುತ್ತಿ ಹರಿಯುತ್ತದೆ. ಕಥೆ ನದಿಯ ಹಾದಿಯಲ್ಲೇ ನಡೆದಿದೆ.

ಗುಡಿಯಲ್ಲಿ ಪಾದುಕೆಗಳಿಗೆ ಪೂಜೆ ನಡೆಯುತ್ತದೆ. ಹಳೆಯ ಆಲದ ಮರವಿದೆ. ಟೇಂಬೆ ಸ್ವಾಮಿಗಳೆಂದು ಹೆಸರಾದ ವಾಸುದೇವಾನಂದ ಸರಸ್ವತಿಗಳು ತಪಸ್ಸು ಮಾಡಿದರೆಂದು ಹೇಳುವ ಗುಹೆಯಿದೆ. ಆಚೆ ದಡದಲ್ಲಿ ಗುರುಗಳ ಹೆಸರಿನದೇ ಆದ ವಲ್ಲಭಾಪುರವಿದೆ. ಇವೆಲ್ಲವನ್ನೂ ನೋಡಿ ಆಲದ ನೆರಳಿನಲ್ಲಿ ಕುಳಿತಾಗ ನಮ್ಮ ಗುಂಪಿನಲ್ಲಿ ಊರಿನ ಹೆಸರಿನ ಮಾತು ಬಂತು. ಕೌರವರ ಮೂಲಪುರುಷನಾದ ಕುರು ಮಹಾರಾಜ ಇಲ್ಲಿ ತಪಸ್ಸು ಮಾಡಿದ್ದರಿಂದ ಕುರುವಪುರವಾಯಿತು ಎಂಬ ಹೇಳಿಕೆ ಇದೆ. ಆದರೆ ಹಳೆಯ ಕನ್ನಡದಲ್ಲಿ ‘ಕುರುವ’ ಎಂದರೆ ಹೊಳೆಯ ನಡುವಿನ ನೆಲ, ನಡುಗಡ್ಡೆ. ಹೊನ್ನಾಳಿ ಸೀಮೆಯಲ್ಲಿ ತುಂಗಭದ್ರೆಯ ಬಳಿ ಕುರುವ ಎಂಬ ಊರಿದೆ. ವಯನಾಡಿನಲ್ಲಿ ಕಬಿನಿಯ ನಡುವಿನ ದ್ವೀಪಗಳಿಗೂ ಕುರುವ ಎಂದೇ ಹೆಸರು. ಹಳೆಯ ಮಾತಿನ ಅರ್ಥ ಮಸುಕಾದಾಗ ಜನ ಅದರ ಮುಂದೆ ‘ಗಡ್ಡೆ’ ಎಂಬ ತಿಳಿಯುವ ಮಾತನ್ನು ಸೇರಿಸಿ ‘ಕುರುವಗಡ್ಡೆ’ ಎಂದರು. ಬಿಡಿಸಿ ಹೇಳಿದರೆ ‘ನಡುಗಡ್ಡೆ ನಡುಗಡ್ಡೆ’ ಎಂದಂತೆ. ಇದೇ ‘ಗಡ್ಡೆ’ ರಾಯಚೂರು ಕಡೆಯ ನಾರದಗಡ್ಡೆಯಲ್ಲಿದೆ, ಕೆಳಗೆ ಗದ್ವಾಲ ಮಂಡಲದ ಗುರ್ರಂಗಡ್ಡ ಎಂಬ ದ್ವೀಪದೂರಿನ ಹೆಸರಿನಲ್ಲೂ ಇದೆ.

ಇದನ್ನು ಇಷ್ಟು ವಿಸ್ತಾರವಾಗಿ ಹೇಳಲು ಕಾರಣವಿದೆ. ಮುಡುಮಾಲಿನಲ್ಲಿ ಹೆಸರು ಕಲ್ಲನ್ನು ಕಾದಿತ್ತು. ಕುರುವದಲ್ಲಿ ಹೆಸರೇ ಒಂದು ಅವಶೇಷ. ಯಾರೂ ಅಗೆದು ತೆಗೆಯಬೇಕಾಗಿಲ್ಲದ, ದಿನವೂ ಸಾವಿರ ಬಾಯಲ್ಲಿ ಸುಳಿಯುವ ಹಳೆಯ ಕನ್ನಡದ ತುಣುಕು ಅದು. ಆದರೆ ಕನ್ನಡ ಬಲ್ಲವರು ಅಲ್ಲಿ ಕುಳಿತಾಗ ಮಾತ್ರ ಆ ತುಣುಕು ಬಾಯಿ ಬಿಡುತ್ತದೆ. ನಮ್ಮ ಮಕ್ಕಳಿಗೆ ಕನ್ನಡ ತಪ್ಪಿದರೆ ಊರು ಇರುತ್ತದೆ, ಗುಡಿ ಇರುತ್ತದೆ, ಹೆಸರೂ ಇರುತ್ತದೆ. ಅದರೊಳಗಿನ ಅರ್ಥಕ್ಕೆ ವಾರಸುದಾರರಿರುವುದಿಲ್ಲ.

ಅಂಚಿನ ನೇಯ್ಗೆ

ಮೂರನೆಯ ದಿನ ಜುರಾಲಾ ಅಣೆಕಟ್ಟಿನ ಮೇಲಿನ ರಸ್ತೆಯಲ್ಲಿ ಕೃಷ್ಣೆಯನ್ನು ದಾಟಿ ಗದ್ವಾಲಕ್ಕೆ ಬಂದೆವು. 1981ರಲ್ಲಿ ಶಂಕುಸ್ಥಾಪನೆಯಾಗಿ 1995ರಲ್ಲಿ ಉದ್ಘಾಟನೆಯಾದ ಈ ಯೋಜನೆಯಿಂದ ನಮ್ಮ ಸೀಮೆಯ ಒಣಭೂಮಿಗೆ ನೀರು ಬಂತು. ಗದ್ವಾಲದ ಕೋಟೆ ಹದಿನೇಳನೆಯ ಶತಮಾನದ ಸೋಮನಾದ್ರಿ ಕಟ್ಟಿಸಿದ್ದು. ಒಳಗೆ ಚೆನ್ನಕೇಶವನ ಗುಡಿಯಿದೆ. ಸಂಸ್ಥಾನದ ಕೊನೆಯ ಒಡತಿ ಮಹಾರಾಣಿ ಆದಿಲಕ್ಷ್ಮೀ ದೇವಮ್ಮನವರ ಹೆಸರಿನ ಕಾಲೇಜು ಇದೆ. ಪಂಡಿತರಿಗೆ ಆಶ್ರಯ ಕೊಟ್ಟ ಈ ಸಂಸ್ಥಾನಕ್ಕೆ ‘ವಿದ್ವದ್ಗದ್ವಾಲ’ ಎಂಬ ಬಿರುದಿತ್ತು.

ಕೋಟೆಯಿಂದ ನೇಕಾರರ ಕೇರಿಗೆ ಹೋದೆವು. ಗದ್ವಾಲ ಸೀರೆಯ ವಿಶೇಷ ನಮ್ಮ ಹೆಂಗಸರಿಗೆಲ್ಲ ಗೊತ್ತು. ಒಡಲು ಹತ್ತಿ, ಅಂಚು ಮತ್ತು ಸೆರಗು ರೇಷ್ಮೆ. ಎರಡು ಬೇರೆ ಬೇರೆ ನೂಲುಗಳನ್ನು ಮಗ್ಗದ ಮೇಲೆಯೇ ಒಂದರೊಳಗೊಂದು ಸಿಕ್ಕಿಸಿ ಕೂಡಿಸುತ್ತಾರೆ. ಸೂಜಿಯ ಹೊಲಿಗೆ ಇರುವುದಿಲ್ಲ. ಸೀರೆ ಎಷ್ಟು ವರ್ಷ ಉಟ್ಟರೂ ಆ ಕೂಡಿಕೆ ಬಿಡುವುದಿಲ್ಲ ಎಂದು ಮಗ್ಗದ ಮುಂದಿದ್ದ ಅಕ್ಕ ಎಳೆದು ತೋರಿಸಿದರು. ನಮ್ಮ ಕನ್ನಡದಲ್ಲಿ ಸೀರೆಯ ತುದಿಗೂ ನಾಡಿನ ತುದಿಗೂ ಅಂಚು ಎಂಬ ಒಂದೇ ಮಾತಿದೆ. ಸೀರೆಗೆ ಅಂದ ಬರುವುದೇ ಅಂಚಿನಿಂದ ಎಂಬುದನ್ನು ನೇಕಾರರು ಬಲ್ಲರು.

ನಾಡಿನ ಅಂಚುಗಳನ್ನು ಬೇರೆ ರೀತಿಯಲ್ಲಿ ಎಳೆಯಲಾಯಿತು. 1956ರ ಅಕ್ಟೋಬರ್ 31ರ ತನಕ ಗದ್ವಾಲ ಮತ್ತು ಆಲಂಪುರ ತಾಲೂಕುಗಳು ರಾಯಚೂರು ಜಿಲ್ಲೆಯಲ್ಲಿದ್ದವು. ನವೆಂಬರ್ 1ರಂದು ರಾಜ್ಯಗಳ ಪುನರ್ವಿಂಗಡಣೆಯಾದಾಗ ರಾಯಚೂರು ಮೈಸೂರು ರಾಜ್ಯಕ್ಕೆ ಹೋಯಿತು. ಈ ಎರಡು ತಾಲೂಕುಗಳು ಅದರಿಂದ ಬೇರ್ಪಟ್ಟು ಆಂಧ್ರಪ್ರದೇಶಕ್ಕೆ ಸೇರಿದವು. ಮಕ್ತಲ್ ನಾರಾಯಣಪೇಟೆಗಳು ಮಹಬೂಬ್‌ನಗರ ಜಿಲ್ಲೆಯ ಜೊತೆಯಲ್ಲಿ ಅದೇ ರಾಜ್ಯಕ್ಕೆ ಬಂದವು. 2014ರ ಜೂನ್ 2ರಂದು ತೆಲಂಗಾಣವಾಯಿತು. 2016ರಲ್ಲಿ ಜೋಗುಳಾಂಬ ಗದ್ವಾಲ, 2019ರಲ್ಲಿ ನಾರಾಯಣಪೇಟೆ ಹೊಸ ಜಿಲ್ಲೆಗಳಾದವು. ಎಂದರೆ, ಗದ್ವಾಲದ ಒಂದೇ ಮನೆಯಲ್ಲಿ, ಒಂದೇ ಹೊಸ್ತಿಲ ಒಳಗೆ ಎಂಬತ್ತು ವರ್ಷ ಬಾಳಿದ ಹಿರಿಯರು ಮನೆ ಬಿಟ್ಟು ಕದಲದೆಯೇ ಮೂರು ರಾಜ್ಯಗಳಲ್ಲಿ, ಮೂರು ಜಿಲ್ಲೆಗಳಲ್ಲಿ ವಾಸಿಸಿದ್ದಾರೆ. ನಮ್ಮ ಸಂಘದಲ್ಲೇ ಅಂಥವರಿದ್ದಾರೆ. ಇದನ್ನು ದೂರಾಗಿ ಹೇಳುತ್ತಿಲ್ಲ. ಎಲ್ಲಿ ಗೆರೆ ಎಳೆದರೂ ಯಾರಾದರೂ ಆಚೆ ಉಳಿಯುತ್ತಿದ್ದರು. ಆಚೆ ಉಳಿದವರ ಹೊಣೆ ಏನು ಎಂಬುದಷ್ಟೇ ನಮ್ಮ ಪ್ರಶ್ನೆ.

ಆ ಪ್ರಶ್ನೆಗೆ ಉತ್ತರದ ಸುಳಿವು ಸಿಕ್ಕಿದ್ದು ಆಲಂಪುರದಲ್ಲಿ. ತುಂಗಭದ್ರೆಯ ದಡದ ಈ ಕ್ಷೇತ್ರದಲ್ಲಿ ಬಾದಾಮಿ ಚಾಲುಕ್ಯರು ಏಳು ಮತ್ತು ಎಂಟನೆಯ ಶತಮಾನಗಳಲ್ಲಿ ಕಟ್ಟಿಸಿದ ನವಬ್ರಹ್ಮ ದೇವಾಲಯಗಳಿವೆ. ಹೆಸರು ಬ್ರಹ್ಮನದು, ಒಳಗಿರುವುದು ಶಿವಲಿಂಗ. ಅವುಗಳಲ್ಲಿ ಅತ್ಯಂತ ಸುಂದರವಾದ ಸ್ವರ್ಗಬ್ರಹ್ಮ ಗುಡಿ ವಿನಯಾದಿತ್ಯನ (ಕ್ರಿ.ಶ. 681–696) ಕಾಲದ್ದು. ಪಟ್ಟದಕಲ್ಲನ್ನು ಕಂಡವರಿಗೆ ಇಲ್ಲಿನ ಶಿಖರಗಳು ತವರಿನ ಮುಖದಂತೆ ಕಾಣುತ್ತವೆ. ಶ್ರೀಶೈಲ ಜಲಾಶಯದಲ್ಲಿ ಮುಳುಗಬೇಕಾಗಿದ್ದ ಕೂಡವೆಲ್ಲಿಯ ಸಂಗಮೇಶ್ವರ ದೇವಾಲಯವನ್ನು ಕಲ್ಲು ಕಲ್ಲಾಗಿ ಬಿಚ್ಚಿ, ಗುರುತು ಹಾಕಿ ತಂದು, ಆಲಂಪುರದಲ್ಲಿ ಮತ್ತೆ ಜೋಡಿಸಿ ನಿಲ್ಲಿಸಿದ್ದಾರೆ. ಊರನ್ನೇ ಕಳೆದುಕೊಂಡ ಗುಡಿ ಬೇರೆಡೆ ಬಂದು ಗುಡಿಯಾಗಿಯೇ ಉಳಿಯಿತು. ಪ್ರತಿ ಕಲ್ಲಿನ ಜಾಗವನ್ನೂ ಮರೆಯದೆ ಬರೆದಿಟ್ಟವರಿದ್ದರು ಎಂಬುದೇ ಅದಕ್ಕೆ ಕಾರಣ.

ಆಲಂಪುರದ ಶಾಸನಗಳು ಸಂಸ್ಕೃತದಲ್ಲಿವೆ, ತೆಲುಗಿನಲ್ಲಿವೆ, ಕನ್ನಡದಲ್ಲೂ ಇವೆ. ಅತ್ತ ರಾಯಚೂರಿನ ಕೋಟೆಯ ಗೋಡೆಯಲ್ಲಿರುವ, ನಲವತ್ತು ಅಡಿಗೂ ಮಿಕ್ಕಿ ಉದ್ದವಾದ ಪ್ರಸಿದ್ಧ ಕಲ್ಲಿನ ಮೇಲೆ ಕಾಕತೀಯರ ಕಾಲದ 1294ರ ಶಾಸನವಿದೆ, ಅದು ತೆಲುಗಿನದು. ಇಂದಿನ ತೆಲಂಗಾಣದೊಳಗೆ ಕನ್ನಡದ ಕಲ್ಲು, ಇಂದಿನ ಕರ್ನಾಟಕದೊಳಗೆ ತೆಲುಗಿನ ಕಲ್ಲು. ಎರಡೂ ತಂತಮ್ಮ ಜಾಗದಲ್ಲಿ ಸಮಾಧಾನವಾಗಿಯೇ ಇವೆ. ಅವುಗಳನ್ನು ಓದುವವರು ಇರಬೇಕು, ಅಷ್ಟೇ.

ಓದುವವರು ಬೇಕು

ಕೊಜುಮೆಲ್‌ನ ಕಥೆಯ ಮುಂದಿನ ಭಾಗವನ್ನು ನಾವು ಊರಿಗೆ ಮರಳಿದ ಮೇಲೆ ಓದಿ ತಿಳಿದೆವು. ಸ್ಪೇನಿನ ಕೊರ್ಟೆಸ್ ಆ ದ್ವೀಪಕ್ಕೆ ಬಂದಿಳಿದದ್ದು 1519ರಲ್ಲಿ. ಬಂದವನೇ ಅಲ್ಲಿನ ದೇವತಾಮೂರ್ತಿಗಳನ್ನು ಒಡೆಸಿದ. ಮರುವರ್ಷ, ಇತ್ತ ಕೃಷ್ಣದೇವರಾಯನಿಗೂ ಇಸ್ಮಾಯಿಲ್ ಆದಿಲ್‌ಶಾಹನಿಗೂ ನಮ್ಮ ರಾಯಚೂರಿನ ಮುಂದೆ ಯುದ್ಧ ನಡೆದ 1520ರಲ್ಲಿ, ಅತ್ತ ದ್ವೀಪಕ್ಕೆ ಸಿಡುಬು ಬಂತು. ಜನ ಬಹುಪಾಲು ಅಳಿದರು. 1562ರಲ್ಲಿ ಡಿಯಾಗೋ ದೆ ಲಾಂಡಾ ಎಂಬ ಪಾದ್ರಿ ಮಾನಿ ಎಂಬಲ್ಲಿ ಮಾಯಾ ಗ್ರಂಥಗಳನ್ನು ಸುಡಿಸಿದ. ಆಮೇಲೆ ಶತಮಾನಗಳ ಕಾಲ ಅವರ ಕಲ್ಲಿನ ಬರಹವನ್ನು ಓದುವವರೇ ಇರಲಿಲ್ಲ. 1952ರಲ್ಲಿ ರಷ್ಯಾದ ಯೂರಿ ಕ್ನೊರೊಜೊವ್ ಅದರ ಗುಟ್ಟು ಬಿಡಿಸಲು ಆರಂಭಿಸಿದಾಗ, ಅವನಿಗೂ ಅವನ ನಂತರದವರಿಗೂ ನೆರವಾದದ್ದು ಹಳ್ಳಿಗಳಲ್ಲಿ ಜನ ಬಿಡದೆ ಉಳಿಸಿಕೊಂಡು ಬಂದಿದ್ದ ಮಾಯಾ ಭಾಷೆಗಳು. ಗ್ರಂಥಗಳು ಬೂದಿಯಾದರೂ ಅಡಿಗೆಮನೆಯಲ್ಲಿ ಮಾತು ಉಳಿದಿತ್ತು. ಆ ಮಾತು ಕಲ್ಲನ್ನು ಮತ್ತೆ ಮಾತಾಡಿಸಿತು.

ನಮ್ಮ ಮೇಲೆ ಅಂಥ ದಂಡು ಬಂದಿಲ್ಲ, ಯಾರೂ ನಮ್ಮ ಪುಸ್ತಕ ಸುಟ್ಟಿಲ್ಲ. ನಮ್ಮ ನೆರೆಯ ತೆಲುಗು ನಮಗೆ ಅಕ್ಕನಂಥ ಭಾಷೆ. ಅದು ನಮ್ಮ ಮಕ್ಕಳಿಗೆ ಅನ್ನ ಕೊಡುವ ಭಾಷೆಯೂ ಹೌದು. ನಮ್ಮ ಕನ್ನಡ ಕಳೆದುಹೋದರೆ ಅದು ಸದ್ದಿಲ್ಲದೆ, ನಮ್ಮ ಅಸಡ್ಡೆಯಿಂದ ಕಳೆದುಹೋಗುತ್ತದೆ. ಕೃಷ್ಣಾ ಮಂಡಲದ ಊರುಗಳಲ್ಲಿ ಇಂದಿಗೂ ಕನ್ನಡ ಮಾಧ್ಯಮದ ಸರ್ಕಾರಿ ಶಾಲೆಗಳಿವೆ. ಆ ಊರುಗಳಲ್ಲೇ ಹುಟ್ಟಿ ಬೆಳೆದ ನಮ್ಮಲ್ಲಿ ಎಷ್ಟು ಮಂದಿ ನಮ್ಮ ಮಕ್ಕಳನ್ನು ಅಲ್ಲಿಗೆ ಕಳಿಸಿದ್ದೇವೆ? ಕಳಿಸಲಾಗದಿದ್ದರೆ, ಮನೆಯಲ್ಲಿ ಕೂರಿಸಿ ಅಕ್ಷರವನ್ನಾದರೂ ಕಲಿಸಿದ್ದೇವೆಯೇ? ಹಬ್ಬದ ದಿನ ಕನ್ನಡದ ಹಾಡು ಹಾಡಿಸಿ, ಮರುದಿನ ಮರೆಯುವುದು ನಮ್ಮ ರೂಢಿಯಾಗಿದೆ. ಈ ಲೇಖನ ಬರೆಯಲು ಕುಳಿತ ನಮ್ಮಲ್ಲಿ ಇಬ್ಬರ ಮೊಮ್ಮಕ್ಕಳಿಗೆ ಇದನ್ನು ಓದಲು ಬರುವುದಿಲ್ಲ ಎಂಬುದನ್ನು ಮುಚ್ಚಿಡದೆ ಹೇಳಿಬಿಡುತ್ತೇವೆ.

ಆದ್ದರಿಂದ ಈ ಸಮ್ಮೇಳನದ ಸಂದರ್ಭದಲ್ಲಿ ಸದಸ್ಯ ಕುಟುಂಬಗಳ ಮುಂದೆ ಎರಡು ವಿನಂತಿಗಳನ್ನು ಇಡುತ್ತೇವೆ. ಮೊದಲನೆಯದು, ಪ್ರತಿಯೊಂದು ಮನೆಯವರೂ ತಮ್ಮ ಊರಿನ ಹೊಲ, ಹಳ್ಳ, ದಿಬ್ಬ, ಗಡ್ಡೆ, ಕಲ್ಲು, ಬಾವಿಗಳ ಹೆಸರುಗಳನ್ನು ಹಿರಿಯರ ಬಾಯಿಂದ ಕೇಳಿ, ಮಕ್ಕಳ ಕೈಯಿಂದ ಕನ್ನಡದಲ್ಲಿ ಬರೆಸಿ ಸಂಘಕ್ಕೆ ಕೊಡಬೇಕು. ಕೂಡವೆಲ್ಲಿಯ ಗುಡಿಯನ್ನು ಮತ್ತೆ ನಿಲ್ಲಿಸಿದವರು ಕಲ್ಲಿಗೆ ಗುರುತು ಹಾಕಿದಂತೆಯೇ ಇದೂ. ಎರಡನೆಯದು, ವರ್ಷಕ್ಕೊಮ್ಮೆಯಾದರೂ ಮಕ್ಕಳನ್ನು ಮುಡುಮಾಲ್, ಕುರುವ, ಆಲಂಪುರಗಳಿಗೆ ಕರೆದೊಯ್ಯಬೇಕು. ಇದಕ್ಕೆ ದೊಡ್ಡ ಖರ್ಚಿಲ್ಲ. ಬುತ್ತಿ ಕಟ್ಟಿಕೊಂಡು ಹೋದರೆ ಸಾಕು.

ಕೊನೆಯದಾಗಿ ಆಲಂಪುರದ ಒಂದು ಸಂಗತಿ. ಶಾಸನದ ಕಲ್ಲೊಂದರ ಮುಂದೆ ನಮ್ಮ ಮಕ್ಕಳು ಕುಳಿತು ಅಕ್ಷರ ಹುಡುಕತೊಡಗಿದರು. ಕಲ್ಯಾಣದ ಚಾಲುಕ್ಯರ ಕಾಲದಲ್ಲಿ ಕನ್ನಡ ತೆಲುಗುಗಳಿಗೆ ಹೆಚ್ಚುಕಡಿಮೆ ಒಂದೇ ಲಿಪಿ. ತೆಲುಗು ಮಾಧ್ಯಮದ ಹುಡುಗನೊಬ್ಬ ಒಂದು ಅಕ್ಷರದ ಮೇಲೆ ಬೆರಳಿಟ್ಟು, “ಇದು ತೆಲುಗಿನ ಗ” ಎಂದ. ಅಂದು ಕೂಟದಲ್ಲಿ ಪ್ರಶ್ನೆ ಕೇಳಿದ್ದ ಹುಡುಗಿ, “ಅಲ್ಲ, ಕನ್ನಡದ ಗ” ಎಂದಳು. ಇಬ್ಬರೂ ತೀರ್ಪಿಗಾಗಿ ನಮ್ಮ ಕಡೆ ತಿರುಗಿದರು. ಇಬ್ಬರದೂ ಸರಿ ಎಂದೆವು. ಅವರು ನಂಬಲಿಲ್ಲ. ಮುಂದಿನ ಅಕ್ಷರ ಯಾರದು ಎಂದು ನೋಡಲು ಮತ್ತೆ ಕಲ್ಲಿನ ಮೇಲೆ ಬಾಗಿದರು.